ಇಸಿಜಿ ನಾರ್ಮಲ್ ಅಂದ್ರೆ ಮುಗೀತು ಅಂತಲ್ಲ

ಎದೆಬಡಿತ ಏರುಪೇರಾದರೆ ಇಸಿಜಿ ಮಾಡಿಸಿ ಅಂತ ನಾನು ಓದಿದ ಒಂದು ಲೇಖನದಲ್ಲಿದೆ. ಸರಿ, ಆದರೆ ಅಲ್ಲಿಗೇ ನಿಲ್ಲಿಸಬಾರದಿತ್ತು. ಇಸಿಜಿಗೆ ಸಿಗೋದು ಸುಮಾರು 10 ಸೆಕೆಂಡಿನ ಬಡಿತ ಮಾತ್ರ, ಅಲ್ವಾ? ನಾವು ಬಾಗಲಕೋಟೆಯವರು. ನಮ್ಮ ಅವ್ವನಿಗೆ ವಾರಕ್ಕೊಮ್ಮೆ, ಹೆಚ್ಚಾಗಿ ರೊಟ್ಟಿ ಬಡಿಯುವಾಗಲೇ, ಎದೆ ಡವಡವ ಹೊಡ್ಕೊಂಡು ಕಣ್ಣಿಗೆ ಕತ್ತಲೆ ಬರುತ್ತಿತ್ತು, ಹಂಚು ಒಲೆ ಮೇಲಿದ್ದಂಗೇ ಗೋಡೆಗೆ ಒರಗಿ ಕೂತುಬಿಡುತ್ತಿದ್ದಳು. ಎರಡು ಸಲ ಇಸಿಜಿ ನಾರ್ಮಲ್. ಗ್ಯಾಸ್ ಅಂತ ಮಾತ್ರೆ ಕೊಟ್ಟು ಕಳಿಸಿದರು. ಆಮೇಲೆ 24 ಗಂಟೆಯ ಹೋಲ್ಟರ್ (ಮೈಮೇಲೇ ಇದ್ದು ಬಡಿತ ದಾಖಲಿಸೋ ಸಣ್ಣ ಯಂತ್ರ) ಹಾಕಿದರು, ಅವತ್ತು ಏನೂ ಆಗಲೇ ಇಲ್ಲ.

ದಿನಾ ಆಗೋರಿಗೆ ಹೋಲ್ಟರ್ ಸಾಕು. ವಾರಕ್ಕೊಮ್ಮೆ ಆದರೆ ಎದೆಗೆ ಅಂಟಿಸಿ ಬಡಿತ ದಾಖಲಿಸುವ ಪ್ಯಾಚ್ ಕೇಳಿ, ಕೆಲವು 14 ದಿನ ಇರುತ್ತವೆ. ತಿಂಗಳುಗಟ್ಟಲೆ ಸುಮ್ನಿದ್ದು ಒಮ್ಮೆಲೇ ಎಚ್ಚರ ತಪ್ಪಿ ಬೀಳೋರಿಗೆ ಚರ್ಮದ ಕೆಳಗಿಡುವ ಲೂಪ್ ರೆಕಾರ್ಡರ್ ಇದೆ, ಅದು ವರ್ಷಗಟ್ಟಲೆ ನಡೆಯುತ್ತದೆ. ಅವ್ವನ ಏಟ್ರಿಯಲ್ ಫಿಬ್ರಿಲೇಶನ್ (ಹೃದಯದ ಮೇಲಿನ ಕೋಣೆಗಳು ಅಡ್ಡಾದಿಡ್ಡಿ ಬಡಿಯೋ ತೊಂದರೆ) ಸಿಕ್ಕಿದ್ದು ಪ್ಯಾಚಿನ ಐದನೇ ದಿನ. ಇದು ಗೊತ್ತಾಗದೇ ಉಳಿದರೆ ರಕ್ತ ಹೆಪ್ಪುಗಟ್ಟಿ ಲಕ್ವಾ ಹೊಡೆಯಬಹುದು, ಅದಕ್ಕೇ ಇಷ್ಟು ಹೇಳ್ತಿದ್ದೀನಿ. ಮತ್ತೊಂದು, ಎದೆ ಹೊಡ್ಕೊಂಡ ಹೊತ್ತು, ಆಗ ಮಾಡ್ತಿದ್ದ ಕೆಲಸ ಎರಡನ್ನೂ ಬರೆದಿಡಿ. ನಾವು ಅಡುಗೆಮನೆ ಕ್ಯಾಲೆಂಡರ್ ಮೇಲೇ ಬರೀತಿದ್ವಿ, ಡಾಕ್ಟರ್ ಅದನ್ನೇ ಕೇಳಿ ನೋಡಿದರು.