ಕುದುರೆ ನಿಮ್ಮನ್ನು ನಂಬಿದೆಯಂತೆ, ಹೌದಾ?

ನಿನ್ನೆಯಿಂದ ಹೊಟ್ಟೆಯೊಳಗೆ ಕುದಿಯುತ್ತಿದೆ. ಇಲ್ಲಿ ಬರೆದು ಹಾಕದಿದ್ದರೆ ಇವತ್ತೂ ನಿದ್ದೆ ಬರುವುದಿಲ್ಲ. ಉದ್ದ ಇದೆ, ಪುರುಸೊತ್ತು ಇದ್ದವರು ಓದಿ.

ನಾನು ನಲವತ್ತು ದಾಟಿದ ಮೇಲೆ ಸವಾರಿ ಕಲಿಯಲು ಹೋಗಿ, ಮೂರನೇ ತಿಂಗಳಿಗೇ ಬಿದ್ದು ಹೆಗಲ ಮೂಳೆ ಮುರಿದುಕೊಂಡ ಕಥೆ ನಿಮಗೆಲ್ಲ ಗೊತ್ತು. 'ಕುದುರೆ ಕಂಡರೆ ಕಾಲು ನೋವು ಅಂತಾರೆ, ನಿಮಗೆ ಹೆಗಲು ನೋವಾ?' ಎಂದು ಇಲ್ಲೇ ಕೆಲವರು ನಕ್ಕಿದ್ದೂ ನೆನಪಿದೆ. ಹೆಸರು ಹೇಳುವುದಿಲ್ಲ, ನಿಮಗೇ ಗೊತ್ತು ನೀವು ಯಾರು ಅಂತ. ಆದರೂ ನಾನು ಬಿಡಲಿಲ್ಲ. ವಾರಕ್ಕೆ ಮೂರು ದಿನ ಲಾಯಕ್ಕೆ ಹೋಗುತ್ತೇನೆ. ಈಗೀಗ ಸವಾರಿ ಮಾಡುವುದಕ್ಕಿಂತ ಲದ್ದಿ ಬಾಚುವುದೇ ಜಾಸ್ತಿ. ಅದರಲ್ಲೇನೂ ಬೇಸರವಿಲ್ಲ.

ನಿನ್ನೆ ಅಲ್ಲಿಗೆ ಒಬ್ಬರು ಬಂದಿದ್ದರು. ಜೊತೆಗೆ ಕ್ಯಾಮೆರಾ ಹಿಡಿದ ಇಬ್ಬರು ಹುಡುಗರು. ಒಂದು ಕಂದು ಕುದುರೆಯನ್ನು ಹೊರಗೆ ತರಿಸಿದರು. ಅದರ ಹಣೆಗೆ ಹಣೆ ಒತ್ತಿ, ಕಣ್ಣು ಮುಚ್ಚಿ, ಧ್ಯಾನಕ್ಕೆ ಕೂತವರ ಹಾಗೆ ನಿಂತರು. ಕುದುರೆ ತಲೆ ಎತ್ತಲು ನೋಡಿತು. ಕ್ಯಾಮೆರಾಕ್ಕೆ ಕಾಣದ ಕೈಯಲ್ಲಿ ಹಗ್ಗವನ್ನು ಗದ್ದದ ಹತ್ತಿರವೇ ಗಿಡ್ಡವಾಗಿ ಹಿಡಿದು ಕೆಳಕ್ಕೆ ಜಗ್ಗಿದರು. ಅದು ಮತ್ತೆ ಎತ್ತಿತು. ಇವರು ಮತ್ತೆ ಜಗ್ಗಿದರು. ಆರು ಸಲ ಆಯಿತು ಈ ಪ್ರೀತಿ. ಏಳನೇ ಸಲಕ್ಕೆ ಕುದುರೆ ಸುಮ್ಮನೆ ನಿಂತಿತು.

ರಾತ್ರಿ ವಿಡಿಯೋ ಬಂತು. ಹಿನ್ನೆಲೆಯಲ್ಲಿ ಕೊಳಲು. ಮೇಲೆ ದೊಡ್ಡ ಅಕ್ಷರದಲ್ಲಿ 'ನಂಬಿಕೆ ಅಂದರೆ ಇದು'. ಕೆಳಗೆ ಕೆಂಪು ಹೃದಯಗಳ ರಾಶಿ. ನನ್ನ ಸ್ನೇಹಿತರದ್ದೇ ಒಂದು ಹತ್ತು ಇರಬೇಕು.

ನಾನು ಎರಡು ಮಾರು ದೂರದಲ್ಲಿ ಲದ್ದಿ ಬುಟ್ಟಿ ಹಿಡಿದು ನಿಂತಿದ್ದೆ. ನನಗೆ ಕಂಡದ್ದನ್ನು ಹೇಳುತ್ತೇನೆ. ಕಣ್ಣಿನ ಮೇಲಿನ ಚರ್ಮ ಮಡಿಕೆ ಬಿದ್ದು ಮೂಲೆ ಮೂಲೆಯಾಗಿತ್ತು. ಕಣ್ಣಿನ ಬಿಳಿ ಕಾಣುತ್ತಿತ್ತು. ಮೂಗಿನ ಹೊಳ್ಳೆ ಅಗಲ, ತುಟಿ ಬಿಗಿ. ಬಾಲವನ್ನು ಹಿಂಗಾಲಿನ ನಡುವೆ ಒತ್ತಿ ಹಿಡಿದಿತ್ತು. ಒಂದು ಕಿವಿ ಇವರ ಕಡೆ, ಇನ್ನೊಂದು ಕ್ಯಾಮೆರಾ ಹುಡುಗರ ಕಡೆ. ಅದು ಯಾರನ್ನೂ ನಂಬಿರಲಿಲ್ಲ. ಸಹಿಸಿಕೊಂಡು ನಿಂತಿತ್ತು, ಅಷ್ಟೇ.

ತಮಾಷೆ ಗೊತ್ತಾ? ಕುದುರೆಯ ಕಣ್ಣು ತಲೆಯ ಎರಡು ಪಕ್ಕದಲ್ಲಿವೆ. ನಿಂತಲ್ಲೇ ಸುಮಾರು 350 ಡಿಗ್ರಿ ಸುತ್ತಲೂ ನೋಡುತ್ತದೆ. ಅದಕ್ಕೆ ಕಾಣದ ಜಾಗ ಎರಡೇ. ಒಂದು ಬಾಲದ ಹಿಂದೆ. ಇನ್ನೊಂದು ಹಣೆಯ ನೇರ ಮುಂದೆ. ಅಂದರೆ ಈ ಮಹಾನುಭಾವರು ನಂಬಿಕೆ ತೋರಿಸಲು ಹೋಗಿ, ಹುಡುಕಿ ಹುಡುಕಿ ಕುದುರೆಗೆ ಕಾಣದ ಜಾಗದಲ್ಲೇ ತಲೆ ಇಟ್ಟಿದ್ದರು! ಓಡಿಹೋಗಿ ಜೀವ ಉಳಿಸಿಕೊಳ್ಳುವ ಪ್ರಾಣಿ ಅದು. ಅದರ ಮೈಯೆಲ್ಲ ಓಡುವುದಕ್ಕೇ ಆಗಿರುವುದು. ತಲೆ ಎತ್ತಲು ಬಿಡದೆ, ಕಾಣದ ಜಾಗದಲ್ಲಿ ನಿಂತು, ಮೇಲೆ ಹಗ್ಗ ಜಗ್ಗಿದರೆ ಅದಕ್ಕೆ ಹೇಗಾಗಬೇಡ.

ನನ್ನ ಸಿಟ್ಟು ಒಂದೇ. 'ಕುದುರೆ ನನ್ನನ್ನು ನಂಬಿದೆ' ಎಂದು ಎಲ್ಲರೂ ಹೇಳಿಕೊಳ್ಳುತ್ತಾರೆ. ಅದು ಬೇಡ ಅಂದಾಗ ನೀವೇನು ಮಾಡಿದಿರಿ ಅನ್ನುವುದನ್ನು ಒಬ್ಬರೂ ಹೇಳುವುದಿಲ್ಲ. ಆ ಕಂದು ಕುದುರೆ ಆರು ಸಲ ಬೇಡ ಅಂತು. ಲೆಕ್ಕ ಇಟ್ಟಿದ್ದೇನೆ.

ಇಷ್ಟು ಜೋರು ಮಾಡುವ ನಾನು ಸಾಚಾನಾ? ಅಲ್ಲ. ಇದನ್ನು ಇಲ್ಲಿಯವರೆಗೆ ಎಲ್ಲೂ ಬರೆದಿಲ್ಲ.

ಎರಡು ವರ್ಷದ ಹಿಂದಿನ ಮಾತು. ನನ್ನ ಫೋಟೋಗಳಲ್ಲಿ ನೀವು ನೋಡಿರುವ ಚುಕ್ಕಿ, ಹಣೆಯಲ್ಲಿ ಬಿಳಿ ಬೊಟ್ಟಿರುವ ಹೆಣ್ಣು ಕುದುರೆ, ಆಗ ನನಗೆ ಚೆನ್ನಾಗಿ ಒಗ್ಗಿದ್ದಳು. ನನ್ನ ಹೆಜ್ಜೆ ಸದ್ದಿಗೇ ಗೇಟಿನ ಹತ್ತಿರ ಬಂದು ನಿಲ್ಲುತ್ತಿದ್ದಳು. ಅವತ್ತು ನಾನು ಬೇರೆಲ್ಲೋ ಜಗಳ ಮಾಡಿಕೊಂಡು ಬಂದಿದ್ದೆ. ದಾರಿಯಲ್ಲಿ ಗೇಣಗಲದ ನೀರಿನ ಗುಂಡಿ. ಚುಕ್ಕಿ ದಾಟಲಿಲ್ಲ. ಹಿಮ್ಮಡಿಯಲ್ಲಿ ಒತ್ತಿದೆ. ದಾಟಲಿಲ್ಲ. ಪಕ್ಕಕ್ಕೆ ಸರಿದಳು. ನನಗೆ ತಲೆ ಕೆಟ್ಟಿತು. ಚಾಟಿ ತೆಗೆದು ಮೂರು ಬಿಟ್ಟೆ. ಮೂರನೆಯದು ನಿಜವಾಗಿಯೂ ಜೋರಾಗಿ ಬಿತ್ತು, ಸದ್ದು ಈಗಲೂ ಕಿವಿಯಲ್ಲಿದೆ. ದಾಟಿದಳು. 'ನೋಡು, ಆಗುತ್ತೆ ತಾನೇ?' ಅಂದೆ ಅವಳಿಗೆ. ಹೌದು, ಬಾಯಿಬಿಟ್ಟು ಹೇಳಿದೆ.

ಎರಡು ದಿನ ಬಿಟ್ಟು ಲಾಳ ಕಟ್ಟುವವರು ಬಂದರು. ಮುಂದಿನ ಬಲಗಾಲಿನ ಗೊರಸು ಕೆರೆದು ನೋಡಿದರು. ಒಳಗೆ ಕೀವು ತುಂಬಿತ್ತು. ಕಪ್ಪು ನೀರು ಚಿಮ್ಮಿ ಬಂತು. 'ಇದು ಇವತ್ತಿನದಲ್ಲ' ಅಂದರು. ಕುದುರೆ ನೋವನ್ನು ಬಚ್ಚಿಡುತ್ತದೆ. ಬಯಲಿನಲ್ಲಿ ಕುಂಟುವ ಕುದುರೆಯೇ ಮೊದಲು ಬೇಟೆಯಾಗುವುದು, ಅದಕ್ಕೆ. ಬಚ್ಚಿಡುವಷ್ಟು ಬಚ್ಚಿಟ್ಟು, ಆಗದೇ ಇದ್ದಾಗ ನನಗೆ ಹೇಳಿದ್ದಳು. ಅದು ಆಗಲ್ಲ ಅನ್ನುವುದಕ್ಕೆ ಇದ್ದ ಒಂದೇ ಭಾಷೆ, ದಾಟದೇ ನಿಲ್ಲುವುದು. ನಾನು ಚಾಟಿಯಲ್ಲಿ ಉತ್ತರ ಕೊಟ್ಟಿದ್ದೆ.

ಗೊರಸು ಬೇಗ ವಾಸಿಯಾಯಿತು. ಚುಕ್ಕಿ ಗೇಟಿಗೆ ಬರಲಿಲ್ಲ. ನಾನು ಒಳಗೆ ಕಾಲಿಟ್ಟರೆ ಮೂಲೆಗೆ ಹೋಗಿ ಹಿಂಭಾಗ ತೋರಿಸಿ ನಿಲ್ಲುತ್ತಿದ್ದಳು. ಜೀನು ಹಾಕಿಸಿಕೊಳ್ಳುತ್ತಿದ್ದಳು, ಹೇಳಿದ ಕಡೆ ನಡೆಯುತ್ತಿದ್ದಳು. ಯಾರಾದರೂ ವಿಡಿಯೋ ಮಾಡಿದ್ದರೆ ಎಷ್ಟು ಒಳ್ಳೆಯ ಕುದುರೆ ಅನ್ನುತ್ತಿದ್ದರು. ಕಿವಿ ಮಾತ್ರ ನನ್ನ ಕಡೆ ತಿರುಗುತ್ತಲೇ ಇರಲಿಲ್ಲ.

ಕುದುರೆಗೆ ಅಷ್ಟೆಲ್ಲ ನೆನಪಿರುತ್ತದಾ ಅಂತ ಕೇಳುವವರಿಗೆ ಹೇಳುತ್ತೇನೆ. ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದವರು 2016ರಲ್ಲಿ ಕುದುರೆಗಳಿಗೆ ಮನುಷ್ಯರ ಮುಖದ ಫೋಟೋ ತೋರಿಸಿದರು. ಸಿಟ್ಟಿನ ಮುಖ ಕಂಡರೆ ಕುದುರೆಗಳು ಎಡಗಣ್ಣಿನಿಂದಲೇ ಜಾಸ್ತಿ ನೋಡಿದವು, ಎದೆಬಡಿತವೂ ಬೇಗ ಏರಿತು. ಅಪಾಯ ಅನ್ನಿಸಿದ್ದನ್ನು ಅವು ಎಡಗಣ್ಣಿನಲ್ಲಿ ನೋಡುವುದು ಜಾಸ್ತಿ. 2018ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಫೋಟೋ ತೋರಿಸಿ, ಕೆಲವು ಗಂಟೆ ಬಿಟ್ಟು, ಫೋಟೋದಲ್ಲಿದ್ದ ಮನುಷ್ಯನನ್ನೇ ಎದುರಿಗೆ ನಿಲ್ಲಿಸಿದರು. ಅವನ ಮುಖದಲ್ಲಿ ಸಿಟ್ಟೂ ಇಲ್ಲ, ನಗುವೂ ಇಲ್ಲ. ಬೆಳಿಗ್ಗೆ ಅವನ ಸಿಟ್ಟಿನ ಫೋಟೋ ನೋಡಿದ್ದ ಕುದುರೆಗಳು ಮತ್ತೆ ಎಡಗಣ್ಣು ತಿರುಗಿಸಿದವು. ಬರೀ ಫೋಟೋ ಸ್ವಾಮಿ! ನಾನು ಚುಕ್ಕಿಗೆ ತೋರಿಸಿದ್ದು ಫೋಟೋ ಅಲ್ಲ.

ಲಾಯ ನೋಡಿಕೊಳ್ಳುವ ತಾತ ಒಂದು ಮಾತೂ ಬೈಯಲಿಲ್ಲ. ಒಂದು ಬಕೆಟ್ ಬೋರಲು ಹಾಕಿ, 'ದಿನಾ ಬಂದು ಇದರ ಮೇಲೆ ಕೂತ್ಕೊಳ್ಳಿ. ಹತ್ತಿರ ಹೋಗಬೇಡಿ. ಕೈ ಚಾಚಬೇಡಿ' ಅಂದರು. ಎಷ್ಟು ದಿನ ಅಂತ ಕೇಳಿದೆ. 'ಅದನ್ನ ಅದೇ ಹೇಳಬೇಕು' ಅಂದರು.

ಕೂತೆ. ಎದೆ ಡವಡವ ಅನ್ನುತ್ತಿತ್ತು. ಇವತ್ತಾದರೂ ಬರುತ್ತಾಳಾ ಅಂತ. ತಾತ ದೂರದಿಂದಲೇ, 'ಮೊದಲು ನೀವು ಉಸಿರು ಬಿಡಿ, ಆಮೇಲೆ ಅದು ಬಿಡುತ್ತೆ' ಅನ್ನುತ್ತಿದ್ದರು. ಹಳಬರ ಮಾತು ಅಂದುಕೊಂಡಿದ್ದೆ. ಸ್ವೀಡನ್ನಿನಲ್ಲಿ 2009ರಲ್ಲಿ ಮಾಡಿದ ಒಂದು ಪ್ರಯೋಗದ ಬಗ್ಗೆ ಆಮೇಲೆ ಓದಿದೆ. ಜನರಿಗೆ ಕುದುರೆ ಹಿಡಿದು ನಾಲ್ಕು ಸಲ ಆಚೆ ಈಚೆ ನಡೆಯಲು ಹೇಳಿದರು. ನಾಲ್ಕನೇ ಸಲಕ್ಕೆ ಮುಂಚೆ, 'ಈ ಸಲ ದಾರಿಯಲ್ಲಿ ಪಟ್ ಅಂತ ಛತ್ರಿ ಬಿಚ್ಚುತ್ತೇವೆ' ಎಂದರು. ಬಿಚ್ಚಲೇ ಇಲ್ಲ. ಆದರೆ ಛತ್ರಿ ನೆನೆದು ಮನುಷ್ಯರ ಎದೆಬಡಿತ ಏರಿತು. ಛತ್ರಿಯ ವಿಷಯ ಏನೇನೂ ಗೊತ್ತಿಲ್ಲದ ಕುದುರೆಯದ್ದೂ ಏರಿತು. ತಾತನಿಗೆ ಇದನ್ನು ಹೇಳಿದರೆ, 'ಛತ್ರಿ ಯಾಕೆ ಬೇಕಿತ್ತು? ನನ್ನನ್ನ ಕೇಳಿದ್ರೆ ಹೇಳ್ತಿದ್ದೆ' ಅಂದರು.

ಈಗ ಬರುತ್ತದೆ ನೋಡಿ ನಮ್ಮ ಬುದ್ಧಿಜೀವಿ ಗೆಳೆಯರ ತಕರಾರು. 'ಪ್ರಾಣಿಗೆ ಎಲ್ಲಿಯ ನಂಬಿಕೆ? ಕ್ಯಾರೆಟ್ ಆಸೆಗೆ ಬರುತ್ತೆ. ಹಾನ್ಸ್ ಕಥೆ ಓದಿಲ್ವಾ?' ಓದಿದ್ದೇನೆ, ನಿಮಗಿಂತ ಸ್ವಲ್ಪ ಮುಂದಿನ ಪುಟದವರೆಗೆ. ನೂರು ವರ್ಷಕ್ಕೂ ಹಿಂದೆ ಬರ್ಲಿನ್ನಿನಲ್ಲಿ ಹಾನ್ಸ್ ಅನ್ನುವ ಕುದುರೆ ಗೊರಸು ತಟ್ಟಿ ಲೆಕ್ಕದ ಉತ್ತರ ಹೇಳುತ್ತಿತ್ತು. 1907ರಲ್ಲಿ ಆಸ್ಕರ್ ಫುಂಗ್ಸ್ಟ್ ಅದರ ಗುಟ್ಟು ಹಿಡಿದರು. ಕೇಳುವವನಿಗೇ ಉತ್ತರ ಗೊತ್ತಿಲ್ಲದಿದ್ದರೆ ಕುದುರೆಗೂ ಗೊತ್ತಿಲ್ಲ. ಸರಿಯಾದ ಸಂಖ್ಯೆ ಬಂದಾಗ ಕೇಳುವವನ ತಲೆ ಕೂದಲೆಳೆಯಷ್ಟು ಅಲುಗುತ್ತಿತ್ತು. ಹಾನ್ಸ್ ಅದನ್ನು ನೋಡಿ ತಟ್ಟುವುದು ನಿಲ್ಲಿಸುತ್ತಿತ್ತು. ಎಲ್ಲರೂ ಕಥೆ ಇಲ್ಲಿಗೆ ಮುಗಿಸಿ 'ಕುದುರೆಗೆ ಲೆಕ್ಕ ಬರಲ್ಲ' ಅಂದುಬಿಡುತ್ತಾರೆ. ಮುಂದಿನದ್ದು ಕೇಳಿ. ಗುಟ್ಟು ಗೊತ್ತಾದ ಮೇಲೂ ಫುಂಗ್ಸ್ಟ್‌ಗೆ ತನ್ನ ತಲೆಯ ಆ ಅಲುಗಾಟವನ್ನು ತಡೆಯಲು ಆಗಲಿಲ್ಲ! ನಮ್ಮ ಮೈ ಏನು ಹೇಳುತ್ತಿದೆ ಅನ್ನುವುದು ನಮಗೇ ಗೊತ್ತಿಲ್ಲ. ಕುದುರೆಗೆ ಗೊತ್ತು. ಲೆಕ್ಕ ಯಾರಿಗೆ ಬೇಕು?

ಇನ್ನು ಕೆಲವು ಶೂರರಿದ್ದಾರೆ. 'ಇಪ್ಪತ್ತು ನಿಮಿಷದಲ್ಲಿ ಯಾವ ಕುದುರೆಯನ್ನಾದರೂ ಒಲಿಸಿಕೊಳ್ತೀನಿ' ಅನ್ನುವವರು. ದುಂಡನೆಯ ಬೇಲಿಯೊಳಗೆ ಕುದುರೆಯನ್ನು ಬಿಟ್ಟು ಸುತ್ತ ಓಡಿಸುತ್ತಾರೆ. ಓಡಿ ಓಡಿ, ಕೊನೆಗೆ ಅದು ಇವರ ಕಡೆ ತಿರುಗಿದಾಗ ಓಡಿಸುವುದು ನಿಲ್ಲಿಸುತ್ತಾರೆ. ಅದು ಹತ್ತಿರ ಬರುತ್ತದೆ. ಜನ ಕಣ್ಣೊರೆಸಿಕೊಳ್ಳುತ್ತಾರೆ. ನಾನೂ ಒಂದು ಸಲ ಒರೆಸಿಕೊಂಡಿದ್ದೇನೆ, ಸುಳ್ಳು ಯಾಕೆ. ಆಮೇಲೆ ಆಸ್ಟ್ರೇಲಿಯಾದ ಸಂಶೋಧಕರು ಮನುಷ್ಯನ ಬದಲು ರಿಮೋಟಿನಲ್ಲಿ ಓಡುವ ಆಟಿಕೆ ಕಾರು ಬಿಟ್ಟು ಇದನ್ನೇ ಮಾಡಿದ್ದು ಗೊತ್ತಾಯಿತು. ಕಾರಿನ ಕಡೆ ತಿರುಗಿದರೆ ಕಾಟ ನಿಲ್ಲುತ್ತದೆ ಅನ್ನುವುದನ್ನು ಕುದುರೆಗಳು ಕಲಿತವು. ಹಾಗಾದರೆ ಅವು ಕಾರನ್ನೂ ನಂಬಿದವಾ? ಕಾರಿನ ಜೊತೆಗೂ ಹಣೆಗೆ ಹಣೆ ಒತ್ತಿ ವಿಡಿಯೋ ಮಾಡೋಣವಾ?

'ಐನೂರು ಕಿಲೋ ಪ್ರಾಣಿ. ಹೆದರಿಕೆ ಇಲ್ಲದಿದ್ದರೆ ನಿನ್ನನ್ನು ತುಳಿದು ಹಾಕುತ್ತೆ' ಎಂದು ನಮಗೆ ಸವಾರಿ ಕಲಿಸುವ ಮೇಷ್ಟ್ರೇ ಹೇಳುತ್ತಿದ್ದರು. ಇದರಲ್ಲಿ ಅರ್ಧ ನಿಜ ಇದೆ, ಒಪ್ಪುತ್ತೇನೆ. ಮೈಮೇಲೆ ನುಗ್ಗುವ ಕುದುರೆಯನ್ನು ಮುದ್ದು ಮಾಡುತ್ತಾ ನಿಂತರೆ ಹೆಗಲ ಮೂಳೆಯ ಜೊತೆ ಬೇರೆಯದ್ದೂ ಹೋಗುತ್ತದೆ. ಇಲ್ಲಿ ನಿಲ್ಲು, ಇದಕ್ಕಿಂತ ಹತ್ತಿರ ಬರಬೇಡ ಅಂತ ಕಲಿಸಲೇಬೇಕು. ಆದರೆ ಅದಕ್ಕೆ ಹೆದರಿಕೆ ಯಾಕೆ? ನಾನು ಬಿದ್ದದ್ದು ಹೆದರದ ಕುದುರೆಯಿಂದಲ್ಲ. ಹೆದರಿದ ಕುದುರೆಯಿಂದ. ಗ್ರೀಸಿನ ಕ್ಸೆನೊಫೋನ್ 2,300 ವರ್ಷಕ್ಕೂ ಹಿಂದೆಯೇ, ಸಿಟ್ಟಿನಲ್ಲಿ ಕುದುರೆಯ ಹತ್ತಿರ ಹೋಗಲೇಬೇಡ ಎಂದು ಬರೆದಿಟ್ಟಿದ್ದಾನೆ. ಹೊಡೆದು ಮಾಡಿಸಿದ್ದರಲ್ಲಿ ಚೆಂದ ಇರುವುದಿಲ್ಲ, ಕುಣಿಯುವವನಿಗೆ ಚಾಟಿಯಲ್ಲಿ ಹೊಡೆದು ಕುಣಿಸಿದ ಹಾಗೆ ಅಂತಲೂ ಹೇಳಿದ್ದಾನೆ. ಅವನು ಸೈನಿಕ, ನನ್ನ ಹಾಗೆ ವಾರಕ್ಕೆ ಮೂರು ದಿನದ ಗಿರಾಕಿಯಲ್ಲ. ಮೇಷ್ಟ್ರೇ, ಓದುತ್ತಿದ್ದರೆ ಬೇಜಾರು ಮಾಡಿಕೊಳ್ಳಬೇಡಿ. ಮಾಡಿಕೊಂಡರೂ ಪರವಾಗಿಲ್ಲ.

ಬಕೆಟ್ಟಿನ ಕಥೆ ಅರ್ಧಕ್ಕೆ ನಿಂತಿತು ಅಲ್ವಾ.

ಒಂದೂವರೆ ತಿಂಗಳು ಹಿಡಿಯಿತು. ಮೊದಲು ಒಂದು ಕಿವಿ ತಿರುಗಿತು. ಒಂದು ವಾರ ಬರೀ ಕಿವಿ. ಆಮೇಲೆ ಕುತ್ತಿಗೆ. ಒಂದು ದಿನ ನಾಲ್ಕು ಹೆಜ್ಜೆ ಬಂದು, ಮೂಗು ಚಾಚಿ ನನ್ನ ಬೂಟಿನ ಲೇಸ್ ಮೂಸಿ, ಪುಸ್ ಅಂತ ಉಸಿರು ಬಿಟ್ಟು ವಾಪಸ್ ಹೋದಳು. ಕೈ ಚಾಚಬೇಕು ಅಂತ ಎಷ್ಟು ಆಸೆಯಾಗಿತ್ತು! ಎರಡೂ ಕೈ ತೊಡೆ ಕೆಳಗೆ ಹಾಕಿಕೊಂಡು ಕೂತಿದ್ದೆ. ಈಗಲೂ ಒಂದೊಂದು ದಿನ ಜೀನು ತಂದರೆ ಮುಖ ತಿರುಗಿಸುತ್ತಾಳೆ. ಕಾಲು, ಬೆನ್ನು, ಬಾಯಿ ಎಲ್ಲ ನೋಡುತ್ತೇನೆ. ಏನೂ ಕಾಣದಿದ್ದರೆ ಜೀನು ವಾಪಸ್ ಇಟ್ಟು ಬ್ರಷ್ ತರುತ್ತೇನೆ. 'ಹಾಳು ಮಾಡ್ತಿದ್ದೀರಿ ಅದನ್ನ' ಅನ್ನುತ್ತಾರೆ ಮೇಷ್ಟ್ರು. ಆಗಲಿ ಬಿಡಿ.

ನಿನ್ನೆ ಆ ಕ್ಯಾಮೆರಾ ಗುಂಪು ಹೋದ ಮೇಲೆ ತಲೆ ಚಿಟ್ಟು ಹಿಡಿದು ಚುಕ್ಕಿಯ ಕೋಣೆಗೆ ಹೋಗಿ ಹುಲ್ಲಿನ ಮೇಲೆ ಕೂತೆ. ಬಕೆಟ್ ಈಗ ಬೇಕಾಗಿಲ್ಲ. ಕುದುರೆ ನಿಂತೇ ತೂಕಡಿಸುತ್ತದೆ, ನಿಮಗೆ ಗೊತ್ತಿರಬಹುದು. ಆದರೆ ಗಾಢ ನಿದ್ದೆಗೆ ಅದು ಮಲಗಲೇಬೇಕು. ದಿನಕ್ಕೆ ಅರ್ಧ ಗಂಟೆ ಸಿಕ್ಕರೆ ಸಾಕು ಅದಕ್ಕೆ. ಮಲಗಿದ ಕುದುರೆಗೆ ತಟ್ಟನೆ ಎದ್ದು ಓಡಲು ಆಗುವುದಿಲ್ಲ. ಅದಕ್ಕೇ ಹೆದರಿಕೆ ಇರುವ ಕಡೆ ದಿನಗಟ್ಟಲೆ ಮಲಗದೇ ಉಳಿಯುತ್ತದೆ.

ಚುಕ್ಕಿ ನನ್ನ ಸುತ್ತ ಒಂದು ಸುತ್ತು ಹಾಕಿದಳು. ನೆಲ ಮೂಸಿದಳು. ಮುಂಗಾಲು ಮಡಚಿದಳು. ಧಡ್ ಅಂತ ಪಕ್ಕದಲ್ಲೇ ಮಲಗಿ, ಸ್ವಲ್ಪ ಹೊತ್ತಿಗೆ ಕತ್ತನ್ನೂ ನೆಲಕ್ಕೆ ಚಾಚಿದಳು. ಕೆಳತುಟಿ ಜೋತುಬಿತ್ತು. ಗೊರಸು ನಿದ್ದೆಯಲ್ಲೇ ಒಂದೆರಡು ಸಲ ಅಲುಗಿತು. ಎಲ್ಲಿ ಓಡುತ್ತಿದ್ದಳೋ.

ಫೋಟೋ ಎಲ್ಲಿ ಅಂತ ಕೇಳಬೇಡಿ. ಫೋನು ಜೇಬಿನಲ್ಲಿ ಗುರ್ ಗುರ್ ಅನ್ನುತ್ತಿತ್ತು, ತೆಗೆಯಲಿಲ್ಲ. ಯಾರು ಮಾಡಿದ್ದಿರೋ, ಕ್ಷಮಿಸಿ. ಇಪ್ಪತ್ತು ನಿಮಿಷಕ್ಕೆ ನನ್ನ ಎಡಗಾಲು ಪೂರ್ತಿ ಜೋಮು ಹಿಡಿದು ಮರದ ಕೊರಡಾಗಿತ್ತು. ತಾತ ಬಾಗಿಲಲ್ಲಿ ಇಣುಕಿ ನೋಡಿ, ಬಾಯಿ ಮೇಲೆ ಬೆರಳಿಟ್ಟು, ಬುಟ್ಟಿ ಅಲ್ಲೇ ಬಿಟ್ಟು, ತುದಿಗಾಲಲ್ಲಿ ವಾಪಸ್ ಹೋದರು.