ಹೆಬ್ಬೆಟ್ಟು ಒತ್ತಿ, ರ‍್ಯಾಂಕ್ ತಗೊಳ್ಳಿ

ನಮ್ಮ ದಾವಣಗೆರೆ ಮಂದಿಗೆ ಬೆಣ್ಣೆದೋಸೆ ಬಗ್ಗೆ ಕೇಳಿ ನೋಡ್ರಿ, ಹಿಟ್ಟು ಎಷ್ಟು ಹುಳಿ ಬಂದಿರ್ಬೇಕು, ಮಂಡಕ್ಕಿ ಎಷ್ಟು ಹಾಕ್ಬೇಕು, ಒಲೆಗೆ ಕಟ್ಟಿಗೆನೋ ಗ್ಯಾಸೋ ಅಂತ ಅರ್ಧ ಗಂಟೆ ಬಿಡಲ್ಲ. ದೋಸೆ ಅಷ್ಟು ಕಾಂಪ್ಲಿಕೇಟೆಡ್. ಮಗು ಮಾತ್ರ ಸಿಂಪಲ್, ಹತ್ತು ಬೆರಳು ಸ್ಕ್ಯಾನ್ ಮಾಡ್ಸಿದ್ರೆ ಮುಗೀತು.

ಡಿಎಂಐಟಿ ಅಂತಾರೆ ಇದಕ್ಕೆ. ಬೆರಳಚ್ಚು ನೋಡಿ ಮಗು ಡಾಕ್ಟರೋ ಇಂಜಿನಿಯರೋ ಹೇಳ್ತಾರಂತೆ. ಇದಕ್ಕೆ ವೈಜ್ಞಾನಿಕ ಆಧಾರ ಇಲ್ಲ ಅಂತ ಇಂಡಿಯನ್ ಸೈಕಿಯಾಟ್ರಿಕ್ ಸೊಸೈಟಿ ಹೇಳೈತಿ, ಹೇಳ್ಲಿ ಬಿಡ್ರಿ, ಅವ್ರು ಕಲರ್ ರಿಪೋರ್ಟ್ ಕೊಡ್ತಾರೇನು? ಬೆರಳಿನ ಗೆರೆ ತಾಯಿ ಹೊಟ್ಟೆಲೇ ಮೂಡಿ ಮುಗಿದಿರ್ತಾವೆ, ಬುದ್ಧಿನೂ ಅದ್ರಲ್ಲೇ ಬರೆದಿದ್ರೆ ಮತ್ತೆ ರಿಪೋರ್ಟಿನ ಕೊನೇ ಪೇಜಲ್ಲಿ ಸ್ಕ್ಯಾನ್ ಮಾಡೋರದ್ದೇ ಬ್ರೇನ್ ಕೋರ್ಸಿಗೆ ಸೇರ್ಸಿ ಅಂತ ಯಾಕೆ ಇರುತ್ತೆ ಅಂತ ಯಾರೂ ಕೇಳಲ್ಲ. ನಮ್ಮಜ್ಜ ಹೆಬ್ಬೆಟ್ಟು ಒತ್ತಿದ್ರೆ ಓದು ಬರಲ್ಲ ಅಂತಿದ್ರು, ಮರಿಮೊಮ್ಮಗ ಒತ್ತಿದ್ರೆ ಜೀನಿಯಸ್ಸು.

ಇಂಥ ಊರಲ್ಲಿ ಪಾಪ ಒಬ್ರು ಮಕ್ಕಳ ಡಾಕ್ಟರು ಪೇರೆಂಟ್ಸ್ ಮೀಟಿಂಗಲ್ಲಿ ಮೈಕ್ ಹಿಡ್ಕೊಂಡ್ರು. ವಿಶ್ವ ಆರೋಗ್ಯ ಸಂಸ್ಥೆಯೋರು ಐದು ದೇಶದ ಮಕ್ಕಳನ್ನ ನೋಡಿದಾರೆ, ಅದ್ರಲ್ಲಿ ದೆಹಲಿ ಮಕ್ಕಳೂ ಇದಾವೆ, ಆರಾಮಾಗಿರೋ ಮಗು ತಾನಾಗೇ ನಡೆಯೋದು ಸುಮಾರು 8 ತಿಂಗಳಿಂದ 17 ತಿಂಗಳ ತನಕ ಯಾವಾಗ ಬೇಕಾದ್ರೂ ಆಗ್ಬೋದು, ಕೆಲವು ಅಂಬೆಗಾಲೇ ಇಡಲ್ಲ, ಅದೂ ಸರೀನೇ, ಮಾತು ಅಂದ್ರೆ ಕಿವಿ ಕೇಳ್ಬೇಕು, ಮನೇಲಿ ಯಾರಾದ್ರೂ ಕೂತು ಮಾತಾಡಿಸ್ಬೇಕು, ನಿದ್ದೆ, ರಕ್ತದಲ್ಲಿ ಕಬ್ಬಿಣ, ತಾಯಿ ಮನಸ್ಸು, ಎಲ್ಲಾ ಒಂದಕ್ಕೊಂದು ಹೆಣ್ಕೊಂಡಿರ್ತಾವೆ ಅಂತ ಶುರು ಮಾಡಿದ್ರು ನೋಡ್ರಿ, ಹಿಂದಿನ ಸಾಲಿಂದ ಒಬ್ರು ಎದ್ರು.

"ಅದೆಲ್ಲ ಇರ್ಲಿ ಸಾರ್, ನಮ್ಮ ಹುಡ್ಗ 11ನೇ ತಿಂಗಳಿಗೇ ನಡೆದಾನೆ. ನೀಟ್‌ನಾಗೆ ಎಷ್ಟು ಬರ್ತೈತಿ?"

ಇನ್ನೊಬ್ರು, "ಒಂದೇ ಲೈನಲ್ಲಿ ಹೇಳ್ರಿ ಸಾರ್, ಸ್ಟೇಟಸ್ಸಿಗೆ ಹಾಕ್ಬೇಕು."

ಒಂದೇ ಲೈನ್ ಬೇಕಂದ್ರೆ ಹೊರಗಿನ ಜಾಹೀರಾತು ಫ್ಲೆಕ್ಸಲ್ಲೇ ಐತಲ್ಲ! ಆರು ವರ್ಷದೊಳಗೆ ಮೆದುಳಿನ ಬೆಳವಣಿಗೆ 85 ಪರ್ಸೆಂಟಿಗೂ ಜಾಸ್ತಿ ಆಗುತ್ತೆ ಅಂತ ರಾಷ್ಟ್ರೀಯ ಶಿಕ್ಷಣ ನೀತಿ 2020ರಲ್ಲಿ ಬರ್ದಿದಾರೆ. ಆಟ ಆಡ್ಸಿ ಕಲಿಸ್ರಿ ಅಂತಾನೂ ಅಲ್ಲೇ ಬರ್ದಿದಾರೆ, ಆ ಮಾತು ಫ್ಲೆಕ್ಸಿಗೆ ಹಿಡಿಸ್ಲಿಲ್ಲ. ಅದಕ್ಕೆ ಮೂರು ವರ್ಷದ ಕೂಸಿಗೆ ಅಬಾಕಸ್ಸು, ಉಳಿದ 15 ಪರ್ಸೆಂಟು ಪಿಯುಸಿ ಕೋಚಿಂಗಿಗೆ ರಿಸರ್ವ್.

ಡಾಕ್ಟರ ಮೈಕ್ ಆಫ್ ಆಗೋದ್ರೊಳಗೆ ಹೊರಗೆ ಸ್ಕ್ಯಾನಿಂಗ್ ಕೌಂಟ್ರಲ್ಲಿ ಕ್ಯೂ ನಿಂತಿತ್ತು. ಮುಂದಿದ್ದ ಹುಡ್ಗ ಮೆಣಸಿನಕಾಯಿ ಬಜ್ಜಿ ತಿಂದ್ಕೊಂಡು ಬಂದಿದ್ದ, ಬೆರಳೆಲ್ಲಾ ಎಣ್ಣೆ, ಮಷೀನು ಹಿಡೀಲೇ ಇಲ್ಲ. ಕೌಂಟ್ರಿನೋನು ಸೀರಿಯಸ್ಸಾಗಿ ಹೇಳ್ದ, "ಅಕ್ಕಾರೆ, ಕೈ ತೊಳಿಸ್ಕೊಂಡು ಬರ್ರಿ, ಇಲ್ಲಾಂದ್ರೆ ಮ್ಯಾಥ್ಸ್ ಕಮ್ಮಿ ತೋರಿಸ್ತೈತಿ."