ಅರ್ಧ ಲೈಸೆನ್ಸು

ಮೂರನೇ ಸಲಕ್ಕೆ ಬ್ರಿಟನ್ನಿನ ಡ್ರೈವಿಂಗ್ ಟೆಸ್ಟ್ ಪಾಸಾದ ದಿನ, ಟೆಸ್ಟ್ ಸೆಂಟರ್ ಹೊರಗೆ ಜಿಟಿಜಿಟಿ ಮಳೆಯಲ್ಲಿ ನಿಂತೇ ತೀರ್ಥಹಳ್ಳಿಗೆ ಫೋನ್ ಮಾಡಿದೆ. ಅಮ್ಮ ಮೊದಲು ಗಣಪತಿಗೆ ಕೈ ಮುಗಿದು ಆಮೇಲೆ ನನಗೆ ಶಹಬ್ಬಾಸ್ ಹೇಳಿದರು. ಅಪ್ಪಯ್ಯ ಫೋನ್ ಇಸ್ಕೊಂಡು ಕೇಳಿದ್ದು ಒಂದೇ ಪ್ರಶ್ನೆ. "ಯಾವ ಗಾಡೀಲಿ ಕೊಟ್ಟೆ ಟೆಸ್ಟು?" ಕ್ಲಚ್ ಪೆಡಲ್ ಇಲ್ಲದ, ಗೇರ್ ತಾನೇ ಬದಲಾಯಿಸಿಕೊಳ್ಳುವ ಆಟೋಮ್ಯಾಟಿಕ್ ಅಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಓ, ಹಂಗಾರೆ ಅರ್ಧ ಲೈಸೆನ್ಸು ಅನ್ನು ಮಾರಾಯ."

ಮೈ ಉರಿದುಹೋಯ್ತು. ಆದರೆ ಕಾರ್ಡ್ ಪೋಸ್ಟಿನಲ್ಲಿ ಬಂದ ಮೇಲೆ ನೋಡಿದರೆ ಬ್ರಿಟಿಷ್ ಸರ್ಕಾರವೂ ಅಪ್ಪಯ್ಯನ ಪಾರ್ಟಿಯೇ. ಹಿಂಬದಿಯಲ್ಲಿ, ಕಾರಿನ ಸಾಲಿನ ಕೊನೆಗೆ, ಇರುವೆ ಗಾತ್ರದ ಅಕ್ಷರದಲ್ಲಿ 78 ಅಂತ ಇದೆ. ಅದರರ್ಥ, ಇವನು ಆಟೋಮ್ಯಾಟಿಕ್ ಬಿಟ್ಟು ಬೇರೆ ಓಡಿಸುವಂತಿಲ್ಲ. ಮ್ಯಾನುಯಲ್ ಓಡಿಸಲೇಬೇಕು ಅಂತಿದ್ದರೆ ಹೊಸಬರ ಥರ ಹಿಂದೆ ಮುಂದೆ ಎಲ್ ಬೋರ್ಡ್ ಅಂಟಿಸಿ, ಮೂರು ವರ್ಷ ಹಳೇ ಲೈಸೆನ್ಸ್ ಇರುವವರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಬೇಕು.

ತಮಾಷೆ ಏನಂದ್ರೆ, ಇಲ್ಲಿಗೆ ಬಂದ ಮೊದಲ 12 ತಿಂಗಳು ನಮ್ಮ ಊರಿನ ಲೈಸೆನ್ಸಿನಲ್ಲೇ ಓಡಿಸಬಹುದು, ನಾನು ಓಡಿಸಿದ್ದೂ ಮ್ಯಾನುಯಲ್ಲೇ. ಬಾಡಿಗೆ ಕಾರಿನಲ್ಲಿ ವೇಲ್ಸಿನ ಗುಡ್ಡಗಳನ್ನೆಲ್ಲ ಹತ್ತಿ ಇಳಿದಿದ್ದೇನೆ. ಟೆಸ್ಟ್ ಕೊಡುವ ಮುಂಚೆ ಬರುತ್ತಿದ್ದದ್ದು, ಪಾಸಾದ ಮೇಲೆ ಬರಲ್ಲ ಅಂತ ಆಯ್ತು.

ಮೊದಲೆರಡು ಸಲ ಮ್ಯಾನುಯಲ್‌ನಲ್ಲೇ ಕೊಟ್ಟಿದ್ದೆ. ಸುಮಾರು 40 ನಿಮಿಷದ ಟೆಸ್ಟು. ಸಣ್ಣ ತಪ್ಪು 15ರ ತನಕ ಮಾಫಿ, ದೊಡ್ಡದು ಒಂದಾದರೂ ಸೀದಾ ಮನೆಗೆ. ನನ್ನ ದೊಡ್ಡ ತಪ್ಪುಗಳೆರಡೂ ಊರಿಂದ ತಂದವು. ಮೊದಲನೇ ಸಲ ಇಳಿಜಾರಿನಲ್ಲಿ ನನಗೇ ಗೊತ್ತಿಲ್ಲದಂತೆ ನ್ಯೂಟ್ರಲ್ ಮಾಡಿಬಿಟ್ಟೆ. ಪೆಟ್ರೋಲ್ ಉಳಿಯುತ್ತೆ ಅಂತ ಅಪ್ಪಯ್ಯ ಕಲಿಸಿದ ಪಾಠ, ಕೈಗೆ ಅಂಟಿಕೊಂಡಿದೆ. ಕಾರು ತನ್ನಷ್ಟಕ್ಕೆ ಜಾರಿಕೊಂಡು ರೌಂಡಬೌಟ್‌ಗೆ ನುಗ್ಗುವ ಹೊತ್ತಿಗೆ ಪರೀಕ್ಷಕಿ ಬ್ರೇಕ್ ಒತ್ತಿದ್ದರು. ಎರಡನೇ ಸಲ ಏರಿನ ಸಿಗ್ನಲ್‌ನಲ್ಲಿ ಹ್ಯಾಂಡ್‌ಬ್ರೇಕ್ ಹಾಕದೆ ಹಾಫ್ ಕ್ಲಚ್ಚಿನಲ್ಲೇ ನಿಲ್ಲಿಸಿಕೊಂಡಿದ್ದೆ, ಗೊತ್ತಿಲ್ಲದ ಕಾರು, ಒಂದು ಗೇಣು ಹಿಂದಕ್ಕೆ ಹೋಯ್ತು. ಬೆಂಗಳೂರಿನಲ್ಲಿ ಒಂದು ಗೇಣಿಗೆ ಯಾರೂ ಹಾರ್ನ್ ಕೂಡ ಹೊಡೆಯಲ್ಲ. ಕಲಿಸುತ್ತಿದ್ದ ಮೇಷ್ಟ್ರು ಕೊನೆಗೆ ಹೇಳಿದ್ದು, ನಿನಗೆ ಡ್ರೈವಿಂಗ್ ಬರುತ್ತೆ, ನಿನ್ನ ಎಡಗಾಲಿಗೆ ಮಾತ್ರ ಬೇರೆ ದೇಶದ ಅಭ್ಯಾಸ, ಅದನ್ನ ಮನೇಲಿ ಬಿಟ್ಟು ಬಾ ಅಂತ. ಬಿಟ್ಟು ಹೋದೆ, ಪಾಸಾದೆ.

ಈ ಕಥೆ ಈಗ ಯಾಕೆ ಅಂದ್ರೆ, ಊರಲ್ಲಿ ಹೊಸ ಕಾರಿನ ಮಾತು ನಡೀತಿದೆ. ಹಳೇದಕ್ಕೆ 14 ವರ್ಷ ಆಯ್ತು. ಅಪ್ಪಯ್ಯನಿಗೆ 69. ಎಡಗಡೆ ಮಂಡಿ ಸವೆದಿದೆ ಅಂತ ಡಾಕ್ಟರು ಹೇಳಿಯೇ ಎರಡು ವರ್ಷ. ಪೇಟೆಗೆ ಹೋಗಿ ಬಂದ ದಿನ ರಾತ್ರಿ ಎಣ್ಣೆ ಹಚ್ಚಿಕೊಂಡು ಕೂರುತ್ತಾರಂತೆ, ಇದು ಅಮ್ಮನ ವರದಿ. ಹಾಗಾಗಿ ನಾನು ಫ್ಯಾಮಿಲಿ ಗ್ರೂಪ್‌ನಲ್ಲಿ ಆಟೋಮ್ಯಾಟಿಕ್ ತಗೊಳ್ಳಿ ಅಂತ ಹಾಕಿದೆ. ಹಾಕಿದ್ದೇ ತಡ, ವರ್ಷಕ್ಕೊಮ್ಮೆ ಯುಗಾದಿ ಶುಭಾಶಯಕ್ಕೆ ಮಾತ್ರ ಏಳುವವರೆಲ್ಲ ಎದ್ದರು. ಮೈಲೇಜ್ ಬರಲ್ಲ ಅಂತ ಒಬ್ಬರು. ಘಾಟಿ ಹತ್ತಲ್ಲ ಅಂತ ಇನ್ನೊಬ್ಬರು. ಭಾವ ಮಾತ್ರ ಮನಸ್ಸಿನಲ್ಲಿದ್ದದ್ದನ್ನು ಹೇಳಿದರು: "ಗೇರ್ ಇಲ್ಲದ ಗಾಡಿ ಹೆಂಗಸರಿಗೆ ಸರಿ ಕಣೋ, ಮಾವ ಓಡ್ಸೋದಾ ಅದನ್ನ?"

ನನಗೆ ತಡೆಯಲಾಗದೇ ಇರೋದು ಇದೇ. ಈ "ಗೇರ್ ಇಲ್ಲದ ಗಾಡಿ" ಎನ್ನುವ ಮಾತು ಎಲ್ಲಿಂದ ಬಂತು ಅಂತ ನನಗೊಂದು ಅನುಮಾನ ಇದೆ. ನಮ್ಮಲ್ಲಿ ಕಾರಿನ ಲೈಸೆನ್ಸಿಗೆ ಗೇರ್ ಇರೋದು, ಇಲ್ಲದ್ದು ಅಂತ ಭೇದ ಇಲ್ಲ, ಎಲ್‌ಎಂವಿ (ಲೈಟ್ ಮೋಟಾರ್ ವೆಹಿಕಲ್) ಅಂತಿದ್ದರೆ ಎರಡು ಥರದ ಕಾರೂ ಓಡಿಸಬಹುದು. ಭೇದ ಇರುವುದು ದ್ವಿಚಕ್ರಕ್ಕೆ. ವಿತ್ ಗೇರ್, ವಿದೌಟ್ ಗೇರ್. ನಾನು ಕಾಲೇಜಿನಲ್ಲಿದ್ದಾಗ ಆರ್‌ಟಿಓ ಮೈದಾನದಲ್ಲಿ ಎಂಟು ಹಾಕೋಕೆ ನಿಂತ ಸಾಲಿನಲ್ಲಿ ವಿದೌಟ್ ಗೇರ್‌ನವರೆಲ್ಲ ಹುಡುಗಿಯರೇ, ನನ್ನ ತಂಗಿಯೂ ಅಲ್ಲೇ ಇದ್ದಳು. ಗೇರ್ ಇಲ್ಲ ಅಂದ್ರೆ ಹುಡುಗಿಯರದ್ದು ಅಂತ ಅಲ್ಲೇ ತಲೆಗೆ ಹತ್ತಿರಬೇಕು, ಆಮೇಲೆ ಅದು ಕಾರಿಗೂ ಬಂದು ಕೂತಿತು.

ಇಷ್ಟಾಗಿ ಅಪ್ಪಯ್ಯ ದಿನಾ ಬೆಳಿಗ್ಗೆ ತೋಟಕ್ಕೆ, ಹಾಲಿನ ಡೈರಿಗೆ ಹೋಗೋದು ಯಾವುದರಲ್ಲಿ? ಗೇರ್ ಇಲ್ಲದ ಸ್ಕೂಟರಲ್ಲಿ. ಭಾವ ಹೋಗೋದೂ ಅದರಲ್ಲೇ. ಎರಡು ಪುಲ್ಲಿ, ನಡುವೆ ಒಂದು ಬೆಲ್ಟು, ವೇಗಕ್ಕೆ ತಕ್ಕ ಹಾಗೆ ತಾನೇ ಹೊಂದಿಕೊಳ್ಳುತ್ತೆ. ಕಾರಿನಲ್ಲಿ ಸಿವಿಟಿ ಅಂತ ದುಡ್ಡು ಜಾಸ್ತಿ ಕೊಟ್ಟು ತಗೊಳ್ಳೋದೂ ಮೂಲದಲ್ಲಿ ಇದೇ ವಿದ್ಯೆ. 1980ರ ದಶಕದಲ್ಲಿ ಕೈನೆಟಿಕ್ ಹೋಂಡಾ ಬಂದಾಗ ಗೇರ್ ಹಾಕಿ ಓಡಿಸುವ ಸ್ಕೂಟರ್‌ನವರೆಲ್ಲ ಮೂಗು ಮುರಿದಿದ್ದರಂತೆ. ಈಗ ಊರಿಗೆ ಊರೇ ಅದರ ಮೊಮ್ಮಕ್ಕಳ ಮೇಲೆ ಅಡಿಕೆ ಮೂಟೆ ಇಟ್ಟುಕೊಂಡು ಹೋಗ್ತಿದೆ. ಸ್ಕೂಟರಿಗೆ ಹೋಗದ ಮರ್ಯಾದೆ ಕಾರಿಗೆ ಹೇಗೆ ಹೋಗುತ್ತೆ, ಯಾರಾದರೂ ಹೇಳಿ.

ಇಲ್ಲಿ ನಮ್ಮ ಪಕ್ಕದ ಮನೆಯವರು ನಿವೃತ್ತ ಪ್ಲಂಬರ್, 40 ವರ್ಷ ಮ್ಯಾನುಯಲ್ ವ್ಯಾನ್ ಓಡಿಸಿದವರು. ಮಂಡಿ ಆಪರೇಷನ್ ಆದ ಮೇಲೆ ಆಟೋಮ್ಯಾಟಿಕ್ ತಗೊಂಡರು. ಯಾಕೆ ಅಂತ ಕೇಳಿದ್ದಕ್ಕೆ ಮಂಡಿ ತೋರಿಸಿದರು, ಅಷ್ಟೇ. ನೆಂಟರ ಸಭೆ ಸೇರಲಿಲ್ಲ. ಈ ದೇಶದಲ್ಲಿ ಗೇರಿನ ವ್ಯವಹಾರ ಮುಗಿಯೋದು ಕಾಗದದಲ್ಲಿ, 78 ಇದೆಯೋ ಇಲ್ಲವೋ. ಈಗ ಟೆಸ್ಟ್ ಕೊಡುವವರಲ್ಲಿ ಸುಮಾರು ನಾಲ್ಕರಲ್ಲಿ ಒಬ್ಬರು ಆಟೋಮ್ಯಾಟಿಕ್‌ನಲ್ಲೇ ಕೊಡ್ತಾರೆ. ಎಲೆಕ್ಟ್ರಿಕ್ ಕಾರಿಗೆ ಕ್ಲಚ್ಚೇ ಇಲ್ಲ, 2030ರಿಂದ ಬರೀ ಪೆಟ್ರೋಲ್, ಡೀಸೆಲ್‌ನ ಹೊಸ ಕಾರು ಇಲ್ಲಿ ಮಾರುವಂತಿಲ್ಲ ಅಂತ ಬೇರೆ ಇದೆ. ಅರ್ಧ ಲೈಸೆನ್ಸಿನವರೇ ಜಾಸ್ತಿ ಆಗೋ ಕಾಲ ಬರುತ್ತೆ. ಇದನ್ನು ಅಪ್ಪಯ್ಯನಿಗೆ ಹೇಳಿದೆ. "ನೀನು 2030ರ ತನಕ ಕಾಯಿ" ಅಂದರು.

ಹೋದ ಡಿಸೆಂಬರಿನಲ್ಲಿ ಊರಿಗೆ ಹೋದಾಗ ಬಲವಂತ ಮಾಡಿ ಶಿವಮೊಗ್ಗದ ಶೋರೂಮಿಗೆ ಕರೆದುಕೊಂಡು ಹೋದೆ. ನೋಡಿದ್ದು ಎಎಂಟಿ, ಆಟೋಮ್ಯಾಟಿಕ್‌ನಲ್ಲೇ ಒಂದು ಬಗೆ. ನಮ್ಮಲ್ಲಿ 2014ರಲ್ಲಿ ಮಾರುತಿ ಸೆಲೆರಿಯೋ ಜೊತೆ ಬಂತಲ್ಲ, ಅದೇ ಜಾತಿ. ಗೇರ್‌ಬಾಕ್ಸ್ ಮಾಮೂಲಿಯದ್ದೇ, ಕ್ಲಚ್ಚೂ ಒಳಗೆ ಇದೆ, ನಮ್ಮ ಕಾಲು ಮಾಡುವ ಕೆಲಸವನ್ನು ಒಂದು ಮೋಟಾರು ಮಾಡುತ್ತೆ. ಅದಕ್ಕೇ ಇದು ಅಗ್ಗ, ಮ್ಯಾನುಯಲ್‌ಗಿಂತ ಸುಮಾರು 50,000 ರೂಪಾಯಿ ಜಾಸ್ತಿ ಅಷ್ಟೆ. ಅದಕ್ಕೇ ಗೇರ್ ಬದಲಾಗುವಾಗೆಲ್ಲ ಕಾರು ಹೂಂ ಅಂತ ತಲೆ ಆಡಿಸುತ್ತೆ.

ಅಪ್ಪಯ್ಯ ಚಪ್ಪಲಿ ಬಿಟ್ಟು ಹತ್ತಿದರು. ಹೊಸ ಗಾಡಿ ಅಲ್ವಾ. ಸೀಟು ಮುಂದೆ ಎಳೆದುಕೊಂಡರು, ಕನ್ನಡಿ ಸರಿ ಮಾಡಿಕೊಂಡರು. ಶೋರೂಮಿನ ಹುಡುಗ "ಅಂಕಲ್, ಎಡಗಾಲು ಹಿಂದಕ್ಕೆ ಮಡಚಿ ಇಟ್ಕೊಳಿ" ಅಂತ ಎರಡು ಸಲ ಹೇಳಿದ. ಹೂಂ ಹೂಂ ಅಂದರು. ಸರ್ಕಲ್ ತನಕ ಚೆನ್ನಾಗೇ ಹೋಯ್ತು. ಎದುರಿಗೆ ಆಟೋ ಅಡ್ಡ ಬಂದದ್ದೇ, 40 ವರ್ಷದ ಅಭ್ಯಾಸದ ಎಡಗಾಲು ಕ್ಲಚ್ ಹುಡುಕಿಕೊಂಡು ಹೋಗಿ ಬ್ರೇಕ್ ಪೆಡಲಿನ ಮೇಲೆ ಪೂರ್ತಿ ಭಾರ ಬಿಟ್ಟಿತು. ನಾವು ಮೂರೂ ಜನ ಡ್ಯಾಶ್‌ಬೋರ್ಡಿಗೆ ನಮಸ್ಕಾರ ಮಾಡಿದೆವು. ಹಿಂದಿನ ಬೈಕಿನವನು ಏನೋ ಬೈದ. ಅಪ್ಪಯ್ಯ ಏನೂ ಮಾತಾಡದೆ ಎಡಗಾಲನ್ನು ಕೈಯಲ್ಲೇ ಎತ್ತಿ ಸೀಟಿನ ಕೆಳಗೆ ಸೇರಿಸಿದರು, ತಂಟೆ ಮಾಡೋ ಮಗುವನ್ನು ಮೂಲೆಯಲ್ಲಿ ಕೂರಿಸಿದ ಹಾಗೆ. ವಾಪಸ್ ಬರುವ ತನಕ ಆ ಕಾಲು ಅಲ್ಲಿಂದ ಅಲ್ಲಾಡಲಿಲ್ಲ. ನನಗೆ ನಗು ಬರಬೇಕಿತ್ತು, ಬರಲಿಲ್ಲ.

ಅಲ್ಲಿಗೇ ಮುಗಿದಿದ್ದರೆ ನನ್ನ ವಾದ ಗೆದ್ದಿತ್ತು. ಅದೇ ವಾರ ಮಣಿಪಾಲಕ್ಕೆ ಹೋಗೋದಿತ್ತು, ಅದೇ ಮಂಡಿಯ ವಿಷಯಕ್ಕೆ. ಚಿಕ್ಕಪ್ಪನ ಮಗನ ಎಎಂಟಿ ಇಸ್ಕೊಂಡೆ. ತೋರಿಸೋಣ ಅಂತಲೇ ಇಸ್ಕೊಂಡದ್ದು. ಆಗುಂಬೆ ಘಾಟಿಯ 14 ತಿರುವುಗಳನ್ನು ನಾನು ಡಿ, ಅಂದ್ರೆ ಡ್ರೈವ್‌ನಲ್ಲೇ ಬಿಟ್ಟು ಬ್ರೇಕ್ ಒತ್ತುತ್ತಾ ಇಳಿಯತೊಡಗಿದೆ. ಆರೋ ಏಳೋ ತಿರುವಿಗೆ ಸುಟ್ಟ ವಾಸನೆ ಬಂತು. ನಾನು ಯಾರೋ ಕಸ ಸುಡ್ತಿದ್ದಾರೆ ಅಂತ ಅಂದುಕೊಂಡೆ, ಸುಡ್ತಿದ್ದದ್ದು ನಮ್ಮ ಬ್ರೇಕು. ಅಪ್ಪಯ್ಯ ಕಿಟಕಿ ಇಳಿಸಿ, "ಇದರಲ್ಲಿ ಸೆಕೆಂಡ್ ಗೇರ್ ಎಲ್ಲಿದ್ಯ ನೋಡು" ಅಂದರು. ಉಳಿದ ಇಳಿಜಾರಲ್ಲೆಲ್ಲ ನ್ಯೂಟ್ರಲ್ ಮಾಡಿ ಪೆಟ್ರೋಲ್ ಉಳಿಸುವ ಮನುಷ್ಯ ಘಾಟಿಯಲ್ಲಿ ಮಾತ್ರ ಯಾವತ್ತೂ ಸೆಕೆಂಡ್ ಬಿಟ್ಟವರಲ್ಲ. ಹತ್ತಿದ ಗೇರಲ್ಲೇ ಇಳೀಬೇಕು ಅನ್ನೋದು ಅವರ ಲೆಕ್ಕ. ಆ ಕಾರಿನಲ್ಲೂ ಗೇರ್ ಕೋಲನ್ನು ಪಕ್ಕಕ್ಕೆ ತಳ್ಳಿದರೆ ಎಂ, ಅಂದ್ರೆ ಮ್ಯಾನುಯಲ್ ಅಂತ ಬರುತ್ತೆ, ಮೈನಸ್ ಕಡೆ ತಟ್ಟಿದರೆ ಗೇರ್ ಇಳಿಯುತ್ತೆ. ನನಗೆ ಗೊತ್ತಿತ್ತು, ನೆನಪಾಗಲಿಲ್ಲ. ತಟ್ಟಿದೆ. ಎಂಜಿನ್ ಗುರ್ ಅಂದು ಕಾರನ್ನು ಹಿಡಿದುಕೊಂಡಿತು. ಸೋಮೇಶ್ವರ ಬರುವ ತನಕ ಬ್ರೇಕ್ ಲೆಕ್ಕದಲ್ಲಿ ಒತ್ತಿದೆ.

ವಾಪಸ್ ಹತ್ತುವಾಗ ಇನ್ನೊಂದು. ಸರಿಯಾಗಿ ತಿರುವಿನ ನಡುವೆ, ಎದುರಿಗೆ ಮಿನಿ ಬಸ್ ಇಳೀತಿರುವಾಗಲೇ, ನಮ್ಮ ಕಾರಿಗೆ ಗೇರ್ ಬದಲಾಯಿಸಬೇಕು ಅನ್ನಿಸಿತು. ಒಂದು ಕ್ಷಣ ಎಳೆತವೇ ಇಲ್ಲ. ಅಪ್ಪಯ್ಯ ಏನೂ ಹೇಳಲಿಲ್ಲ. ಹೇಳಿದ್ದರೆ ಒಳ್ಳೆಯದಿತ್ತು.

ಇನ್ನೂ ಕೆಲವನ್ನು ಒಪ್ಪಿಕೊಳ್ಳಬೇಕು, ಒಪ್ಪಿಕೊಳ್ತೇನೆ. ಕ್ಲಚ್ ಕೇಬಲ್ ತುಂಡಾದರೆ ನಮ್ಮ ಪೇಟೆಯ ಮೆಕ್ಯಾನಿಕ್ ಮಧ್ಯಾಹ್ನದ ಊಟದೊಳಗೆ ಹಾಕಿಕೊಡ್ತಾನೆ, ಎಎಂಟಿಯ ಮೋಟಾರು ಕೈಕೊಟ್ಟರೆ 60 ಕಿಲೋಮೀಟರ್ ದೂರದ ಶಿವಮೊಗ್ಗವೇ ಗತಿ. ಆಷಾಢದ ಮಳೆಯಲ್ಲಿ ಬ್ಯಾಟರಿ ಸತ್ತರೆ ಮ್ಯಾನುಯಲ್ಲನ್ನು ಕೆಲಸದವರು, ದಾರಿಹೋಕರು ಸೇರಿ ತಳ್ಳಿದರೆ ಸ್ಟಾರ್ಟ್ ಆಗುತ್ತೆ.

ಮರ್ಯಾದೆ ಅಂತ ಅವರನ್ನ ಆಡಿಕೊಂಡೆನಲ್ಲ, ನನ್ನದೂ ಕೇಳಿ. ಹೋದ ವರ್ಷ ಮನೆ ಬದಲಾಯಿಸುವಾಗ ಬಾಡಿಗೆಗೆ ಸಿಕ್ಕ ವ್ಯಾನ್ ಮ್ಯಾನುಯಲ್ ಆಗಿತ್ತು. ನಾನು ಮುಟ್ಟುವಂತಿಲ್ಲ. ಗೆಳೆಯನ ಹೆಂಡತಿ, ದಾವಣಗೆರೆಯವರು, ಮೊದಲನೇ ಸಲಕ್ಕೇ ಮ್ಯಾನುಯಲ್ ಪಾಸಾದವರು, ಬಂದು ಓಡಿಸಿಕೊಟ್ಟರು. ನಾನು ಮಂಚದ ಕಾಲುಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ಪಕ್ಕದಲ್ಲಿ ಕೂತೆ. ಸಿಗ್ನಲ್‌ನಲ್ಲಿ ಅವರು ಫಸ್ಟ್ ಹಾಕುವಾಗೆಲ್ಲ ನನ್ನ ಎಡಗಾಲು ತಾನಾಗೇ ನೆಲ ಒತ್ತುತ್ತಿತ್ತು. ಇಳಿಯುವಾಗ, ಊರಲ್ಲಿ ನಾನು ಮ್ಯಾನುಯಲ್ಲೇ ಓಡಿಸೋದು ಅಂತ ಅವರು ಕೇಳದೇ ಇದ್ದರೂ ಹೇಳಿದೆ. "ಗೊತ್ತು ಬಿಡ್ರಿ" ಅಂದರು.

ಹಾಗಂತ ನನ್ನ ಮಾತು ಬದಲಾಗಿಲ್ಲ. ಅಪ್ಪಯ್ಯ ವರ್ಷಕ್ಕೆ ಘಾಟಿ ಇಳಿಯೋದು ನಾಲ್ಕು ಸಲ, ಪೇಟೆಗೆ ಹೋಗೋದು ವಾರಕ್ಕೆ ನಾಲ್ಕು ಸಲ. ಮಂಡಿ ಒಂದೇ. ಆಟೋಮ್ಯಾಟಿಕ್ಕೇ ತಗೊಳ್ಳಿ ಅಂತ ಮೊನ್ನೆಯೂ ಹೇಳಿದೆ, ಘಾಟಿಗೆ ಎಂ ಇದೆಯಲ್ಲ ಅಂತಲೂ ಹೇಳಿದೆ. ಮಳೆಗಾಲ ಮುಗೀಲಿ ನೋಡೋಣ ಅಂದರು, ಅಂದ್ರೆ ಮನಸ್ಸು ಸ್ವಲ್ಪ ವಾಲಿದೆ. ಹಳೇ ಕಾರಿಗೆ ಶೋರೂಮಿನವರು ಎಕ್ಸ್‌ಚೇಂಜಿನಲ್ಲಿ 60,000 ಕೊಡ್ತಾರಂತೆ.

ಅದನ್ನು ಮಾತ್ರ ಕೊಡಬೇಡಿ ಅಂದೆ. ಕೊಟ್ಟಿಗೆ ಪಕ್ಕದ ಶೆಡ್ಡಿನಲ್ಲಿ ಜಾಗ ಇದೆ. ಡಿಸೆಂಬರಿನಲ್ಲಿ ಬಂದಾಗ ಓಡಿಸೋಕೆ ನನಗೆ ಬೇಕು.